ಕಾಸರಗೋಡಿನಲ್ಲಿದ್ದು ದೂರಶಿಕ್ಷಣದಲ್ಲಿ ಓದುವ ಬಗೆ

ದೂರಶಿಕ್ಷಣದಲ್ಲಿ ಪದವಿಗೆ ಸೇರಿ ಒಂದೆರಡು ಪರೀಕ್ಷೆಗಳ ಬಳಿಕ ಕೈಬಿಟ್ಟವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಕೇಳಿದರೆ ಹೆಚ್ಚಿನವರು ಪುರುಸೊತ್ತು ಆಗಲಿಲ್ಲ ಎನ್ನುತ್ತಾರೆ. ಆ ಮಾತು ಸುಳ್ಳೂ ಅಲ್ಲ. ಉಪ್ಪಳದ ಬಟ್ಟೆಯಂಗಡಿಯಲ್ಲಿ ರಾತ್ರಿಯವರೆಗೆ ನಿಲ್ಲುವ ಹುಡುಗಿಗೆ, ಬದಿಯಡ್ಕದ ಕಡೆಯ ತೋಟದಲ್ಲಿ ಅಪ್ಪನೊಂದಿಗೆ ದುಡಿಯುವ ಯುವಕನಿಗೆ, ಮಂಗಳೂರಿನ ಆಸ್ಪತ್ರೆಯ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿಬರುವವರಿಗೆ, ಅಂಗನವಾಡಿಯ ಕೆಲಸ ಮುಗಿಸಿ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವ ತಾಯಿಗೆ ಪುರುಸೊತ್ತು ನಿಜವಾಗಿಯೂ ಕಡಿಮೆ. ಆದರೆ ಇರುವಷ್ಟು ಪುರುಸೊತ್ತು ವರ್ಷದ ಯಾವ ತಿಂಗಳಲ್ಲಿ ಸಿಗುತ್ತದೆ, ವಿಶ್ವವಿದ್ಯಾನಿಲಯವು ಕೆಲಸ ಕೇಳುವುದು ಯಾವ ತಿಂಗಳಲ್ಲಿ ಎಂಬುದನ್ನು ಸೇರುವಾಗಲೇ ಲೆಕ್ಕ ಹಾಕಿ ನೋಡಿದವರು ಬಹಳ ವಿರಳ. ಪದವಿಯನ್ನು ಪೂರ್ತಿ ಮಾಡಿದವರಲ್ಲಿ ನಾನು ಕಂಡದ್ದು ಎರಡು ಅಭ್ಯಾಸಗಳು: ಅವರು ವರ್ಷದ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದರು, ಮತ್ತು ಓದಿದ್ದನ್ನು ಆಗಿಂದಾಗಲೇ ಬರೆಯುತ್ತಿದ್ದರು. ಈ ಬರಹದ ಹೆಚ್ಚಿನ ಭಾಗ ಈ ಎರಡರ ಬಗ್ಗೆಯೇ ಇದೆ.

ಸೇರುವ ಮೊದಲು

ಗಡಿಯಲ್ಲಿರುವ ನಮಗೆ ಮೊದಲ ಪ್ರಶ್ನೆ ಯಾವ ವಿಶ್ವವಿದ್ಯಾನಿಲಯ ಎಂಬುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಎಲ್ಲರ ಬಾಯಲ್ಲಿರುವ ಇಗ್ನೋ, 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಆರಂಭವಾದದ್ದು. ಇಡೀ ದೇಶ ಅದರ ವ್ಯಾಪ್ತಿಗೆ ಸೇರುತ್ತದೆ. ಕಾಸರಗೋಡಿನವರಿಗೆ ಅದರ ಪ್ರಾದೇಶಿಕ ಕೇಂದ್ರ ವಡಗರದಲ್ಲಿದೆ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಬೇಕೆನ್ನುವವರಿಗೆ, ಕನ್ನಡ ಎಂ.ಎ. ಮಾಡಬೇಕೆನ್ನುವವರಿಗೆ ಸಹಜವಾಗಿಯೇ ಇದರ ಕಡೆಗೆ ಒಲವು. ಆದರೆ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಗಳು ದೂರಶಿಕ್ಷಣದ ಕೇಂದ್ರಗಳನ್ನು ತಮ್ಮ ರಾಜ್ಯದ ಗಡಿಯೊಳಗೆ ಮಾತ್ರ ನಡೆಸಬಹುದೆಂಬುದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ನಿಯಮ. ಆದ್ದರಿಂದ ಮೈಸೂರಿನ ಪದವಿಗೆ ಸೇರುವ ಮಂಜೇಶ್ವರದವರು ಸಂಪರ್ಕ ತರಗತಿ, ಪರೀಕ್ಷೆ ಎರಡಕ್ಕೂ ತಲಪಾಡಿ ದಾಟಿ ಮಂಗಳೂರಿಗೆ ಹೋಗಲು ಸಿದ್ಧರಿರಬೇಕು. ಮಂಜೇಶ್ವರದವರಿಗೆ ಇದು ಕಷ್ಟವೇ ಅಲ್ಲ, ವಡಗರಕ್ಕಿಂತ ಮಂಗಳೂರೇ ಹತ್ತಿರ. ಮುಳ್ಳೇರಿಯದ ಒಳಭಾಗದವರಿಗೆ ಮಾತ್ರ ಇಡೀ ದಿನದ ಕೆಲಸ. ಕೇರಳ ಸರ್ಕಾರವು ಕೊಲ್ಲಂನಲ್ಲಿ 2020ರಲ್ಲಿ ಆರಂಭಿಸಿದ ಶ್ರೀನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯವೂ ಇದೆ. ಮಲಯಾಳದಲ್ಲಿ ಸಲೀಸಾಗಿ ಓದಿ ಬರೆಯಬಲ್ಲವರು ಅದನ್ನೂ ಪರಿಶೀಲಿಸಬಹುದು.

ಯಾವುದನ್ನೇ ಆರಿಸಿದರೂ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲಿ ಸ್ವತಃ ನೋಡಬೇಕು. ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಕೋರ್ಸಿಗೆ ಇದೆ ಎಂದಾಗದು. ಪೇಟೆಯ ಮಹಡಿಯ ಮೇಲೆ ಫಲಕ ಹಾಕಿಕೊಂಡು ದೂರದ ಯಾವುದೋ ರಾಜ್ಯದ ವಿಶ್ವವಿದ್ಯಾನಿಲಯದ ಪದವಿ ಕೊಡಿಸುತ್ತೇವೆ ಎನ್ನುವವರ ಕಡೆಗೆ ತಿರುಗಿಯೂ ನೋಡಬಾರದು. ಪದವಿಯನ್ನು ಹೀಗೆ ಫ್ರಾಂಚೈಸಿಗೆ ಕೊಡುವುದನ್ನು ಯುಜಿಸಿ ನಿಷೇಧಿಸಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳು ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಮಾನ್ಯತೆಯಿರುವ ದೂರಶಿಕ್ಷಣದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಕೇರಳ ಪಿಎಸ್‌ಸಿ ಹುದ್ದೆಯ ಮೇಲೆ ಕಣ್ಣಿಟ್ಟವರು, ಅದರಲ್ಲೂ ಕನ್ನಡ ಬಲ್ಲವರಿಗೆಂದು ಕರೆಯುವ ಹುದ್ದೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು, ಹಿಂದಿನ ಅಧಿಸೂಚನೆಯೊಂದನ್ನು ತೆಗೆದು ವಿದ್ಯಾರ್ಹತೆಯ ಸಾಲನ್ನು ಓದಿಕೊಂಡೇ ವಿಷಯ ಆರಿಸುವುದು ಒಳ್ಳೆಯದು.

ಅರ್ಜಿ ತುಂಬಿಸಲು ನಮ್ಮಲ್ಲಿ ಹೆಚ್ಚಿನವರು ಕೇರಳದ ಆನ್‌ಲೈನ್ ಸೇವಾಕೇಂದ್ರವಾದ ಅಕ್ಷಯ ಕೇಂದ್ರಕ್ಕೆ ಹೋಗುತ್ತಾರೆ. ಹೋಗಲಿ, ಆದರೆ ತಮ್ಮದೇ ಇ-ಮೇಲ್ ವಿಳಾಸವನ್ನೂ ತಮ್ಮ ಕೈಯಲ್ಲೇ ಇರುವ ಫೋನ್ ನಂಬರನ್ನೂ ಕೊಡಬೇಕು. ಗಲ್ಫಿನಲ್ಲಿರುವ ಅಣ್ಣನ ನಂಬರು ಕೊಟ್ಟವರು ಪ್ರತಿ ಸಲ ಒಟಿಪಿಗಾಗಿ ಅವನ ಡ್ಯೂಟಿ ಮುಗಿಯುವವರೆಗೆ ಕಾಯಬೇಕಾಗುತ್ತದೆ. 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಡೆಬ್ ಐಡಿ, ಅಂದರೆ ದೂರಶಿಕ್ಷಣ ಮಂಡಳಿಯ ತಾಣದಲ್ಲಿ ಪಡೆಯುವ ಗುರುತಿನ ಸಂಖ್ಯೆ, ಕಡ್ಡಾಯ. ಅದನ್ನು ಪಡೆಯಲು ಮೊದಲು, ಓದಿನ ದಾಖಲೆಯನ್ನು ಆನ್‌ಲೈನಿನಲ್ಲಿ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಖಾತೆ ಬೇಕು. ಹೆಸರು ತಕರಾರು ಮಾಡುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಮುಂದೆ ಎರಡಕ್ಷರದ ಇನಿಶಿಯಲ್, ಆಧಾರಿನಲ್ಲಿ ಮನೆತನದ ಹೆಸರು ಪೂರ್ತಿ ಬಿಡಿಸಿ ಬರೆದದ್ದು ಎಂದಿದ್ದರೆ, ಪ್ರವೇಶದ ಕೊನೆಯ ದಿನಾಂಕಕ್ಕೆ ಸಾಕಷ್ಟು ಮುಂಚೆಯೇ ಅದನ್ನು ಸರಿಪಡಿಸಿಕೊಳ್ಳಬೇಕು.

ವರ್ಷದ ಲೆಕ್ಕ

ಇಗ್ನೋದಲ್ಲಿ ಪ್ರವೇಶ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ. ಪರೀಕ್ಷೆಯೂ ಎರಡು ಬಾರಿ, ಜೂನ್ ಮತ್ತು ಡಿಸೆಂಬರಿನಲ್ಲಿ. ಈ ಎರಡು ಪರೀಕ್ಷೆಗಳೂ ನಮ್ಮ ಊರಿನ ಮಟ್ಟಿಗೆ ಅನುಕೂಲದ ಕಾಲದಲ್ಲಿ ಬರುವುದಿಲ್ಲ. ಡಿಸೆಂಬರ್ ಎಂದರೆ ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಮನೆಯವರೆಲ್ಲ ಕೈ ಹಾಕಲೇಬೇಕು. ಅದೇ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಕೋಲ, ನೇಮ, ಮದುವೆ, ಗೃಹಪ್ರವೇಶಗಳು ಒಂದರ ಹಿಂದೆ ಒಂದು ಬರುತ್ತವೆ. ಜೂನ್ ಎಂದರೆ ಮಳೆ ಹಿಡಿಯುವ ತಿಂಗಳು. ಕರೆಂಟು ಹೋದರೆ ಯಾವಾಗ ಬರುತ್ತದೆಂಬ ಖಾತ್ರಿಯಿಲ್ಲ, ಶಾಲೆ ಶುರುವಾಗಿ ಮಕ್ಕಳ ತಲೆಬಿಸಿಯೂ ಸೇರಿರುತ್ತದೆ.

ಹೀಗಾಗಿ ಪರೀಕ್ಷೆಯ ತಿಂಗಳಲ್ಲಿ ರಜೆ ಹಾಕಿ ಓದಿಬಿಡುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಓದಿಗೆ ಒದಗುವ ತಿಂಗಳು ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಶುಭಕಾರ್ಯಗಳಿಲ್ಲ, ಆಟವಿಲ್ಲ, ಕೋಲವಿಲ್ಲ, ನೆಂಟರ ಓಡಾಟವೂ ಕಡಿಮೆ. ಜುಲೈಯ ಪ್ರವೇಶಕ್ಕೆ ಸೇರಿದವರು ಪುಸ್ತಕದ ಕಟ್ಟು ಅಂಚೆಯಲ್ಲಿ ಬರಲೆಂದು ಕಾಯುತ್ತಾ ಈ ತಿಂಗಳನ್ನು ಕಳೆಯಬಾರದು. ಇಗ್ನೋದ ಪಠ್ಯವೆಲ್ಲ ಇ-ಜ್ಞಾನಕೋಶ ಎಂಬ ಅದರ ಸ್ವಂತ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲ ಬ್ಲಾಕನ್ನು, ಅಂದರೆ ಕೆಲವು ಘಟಕಗಳಿರುವ ಮೊದಲ ಭಾಗವನ್ನು, ಅಲ್ಲಿಂದ ಇಳಿಸಿಕೊಂಡು, ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಓದಲು ಕುಳಿತುಬಿಡಬೇಕು. ಮುದ್ರಿತ ಪುಸ್ತಕ ಬೇಡ, ಡಿಜಿಟಲ್ ಪ್ರತಿ ಸಾಕು ಎಂದರೆ ಶುಲ್ಕದಲ್ಲಿ ರಿಯಾಯಿತಿ ಇದೆ, ನಿಜ. ಆದರೆ ಆ ರಿಯಾಯಿತಿಗೆ ಆಸೆಪಡಬೇಡಿ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ಫೋನು ನೋಡಿದ ಕಣ್ಣಿಗೆ ರಾತ್ರಿ ಅದೇ ಪರದೆಯಲ್ಲಿ ಇಪ್ಪತ್ತು ಪುಟ ಓದುವುದು ಸಾಧ್ಯವಾಗುವುದಿಲ್ಲ. ಸಾಧ್ಯವಾದರೂ ನಡುವೆ ವಾಟ್ಸಾಪ್ ಬಿಡುವುದಿಲ್ಲ.

ಅಡಿಕೆ ಕೃಷಿಯ ಮನೆಯವರು ಮಾತ್ರ ಆಟಿಯನ್ನು ಪೂರ್ತಿ ಬಿಡುವಿನ ತಿಂಗಳೆಂದು ಎಣಿಸಬಾರದು. ಮಳೆ ನಾಲ್ಕು ದಿನ ಬಿಟ್ಟರೆ ಸಾಕು, ಕೊಳೆರೋಗಕ್ಕೆ ಮದ್ದು ಬಿಡಬೇಕು. ಆ ದಿನಗಳಲ್ಲಿ ಪುಸ್ತಕದ ಮಾತೇ ಇಲ್ಲ. ಮದ್ದು ಬಿಡುವ ದಿನಗಳು ಮೊದಲೇ ಗೊತ್ತಾಗುವಂಥವಲ್ಲವಾದ್ದರಿಂದ, ಇಂಥವರು ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಇಟ್ಟುಕೊಳ್ಳಬೇಕು: ಈ ವಾರ ಎರಡು ಘಟಕ ಎಂದು ನಿಶ್ಚಯಿಸಿ, ಮಳೆ ಸುರಿಯುವ ದಿನಗಳಲ್ಲಿ ಹೆಚ್ಚು ಓದಿ, ಬಿಸಿಲು ಬಂದ ದಿನ ತೋಟಕ್ಕೆ ಹೋಗುವುದು.

ಇನ್ನು ಗಂಟೆಗಳ ಲೆಕ್ಕ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ಓದು, ಬರವಣಿಗೆ, ತರಗತಿ ಎಲ್ಲವೂ ಇದರಲ್ಲಿ ಸೇರಿದೆ. 6 ಕ್ರೆಡಿಟ್ಟಿನ ಒಂದು ವಿಷಯಕ್ಕೆ 180 ಗಂಟೆ ಬೇಕು. ಸೆಮಿಸ್ಟರೊಂದಕ್ಕೆ 22 ಕ್ರೆಡಿಟ್ಟುಗಳಿದ್ದರೆ 660 ಗಂಟೆ, ಅಂದರೆ ಆರು ತಿಂಗಳ ಕಾಲ ವಾರಕ್ಕೆ 25 ಗಂಟೆ. ದುಡಿಯುವವರು ಇಷ್ಟು ಓದುತ್ತಾರೆಂದು ನಾನು ನಂಬುವುದಿಲ್ಲ, ಓದಲೇಬೇಕೆಂದೂ ಹೇಳುವುದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆ ಸಾಕು ಎಂದು ಹೇಳಿ ಸೇರಿಸುವವರ ಮಾತು ಎಷ್ಟು ಪೊಳ್ಳು ಎಂಬುದು ಇದರಿಂದ ತಿಳಿಯುತ್ತದೆ. ದಿನಕ್ಕೆ ಎರಡು ಗಂಟೆ, ಭಾನುವಾರ ನಾಲ್ಕು ಗಂಟೆ ಕೊಡಬಲ್ಲವರಿಗೆ ವಾರಕ್ಕೆ 16 ಗಂಟೆ ಸಿಗುತ್ತದೆ. ಇಷ್ಟರಲ್ಲಿ ಸೆಮಿಸ್ಟರಿನ ಎಲ್ಲ ವಿಷಯಗಳನ್ನೂ ಒಂದೇ ಪರೀಕ್ಷೆಯಲ್ಲಿ ಬರೆಯಲು ಹೊರಡುವುದು ಜಾಣತನವಲ್ಲ. ಮೂರು ವರ್ಷದ ಬಿ.ಎ.ಯನ್ನು ಮುಗಿಸಲು ಇಗ್ನೋ 6 ವರ್ಷಗಳವರೆಗೆ ಅವಕಾಶ ಕೊಡುತ್ತದೆ. ಎರಡು ಮುಖ್ಯ ವಿಷಯಗಳನ್ನು ಈ ಸಲ ಬರೆದು, ಉಳಿದವನ್ನು ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬರೆದ ನಾಲ್ಕರಲ್ಲಿ ಮೂರು ಹೋಗಿ ಮನಸ್ಸು ಮುರಿಯುವುದಕ್ಕಿಂತ, ಬರೆದ ಎರಡೂ ಪಾಸಾಗುವುದು ಮುಂದಿನ ಓದಿಗೆ ಹೆಚ್ಚು ಬಲ ಕೊಡುತ್ತದೆ.

ರೈಲಿನಲ್ಲಿ ಓದುವ ಬಗ್ಗೆ ಒಂದು ಮಾತು. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಹೋಗಿಬರುವವರು ಆ ಎರಡು ಗಂಟೆಯನ್ನು ಓದಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಕುಂಬಳೆಯಲ್ಲಿ ಹತ್ತಿದವರಿಗೆ ಬೆಳಗ್ಗಿನ ಗಾಡಿಯಲ್ಲಿ ನಿಲ್ಲಲು ಸ್ಥಳ ಸಿಕ್ಕಿದರೆ ಪುಣ್ಯ. ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಹೊಸ ಪಾಠ ಓದಿದರೆ ತಲೆಗೆ ಹತ್ತುವುದಿಲ್ಲ. ಅಲ್ಲಿ ಮಾಡಬಹುದಾದದ್ದು ನೆನಪಿಸಿಕೊಳ್ಳುವ ಕೆಲಸ. ಹಿಂದಿನ ರಾತ್ರಿ ಓದಿದ ಘಟಕದಿಂದ ಐದು ಪ್ರಶ್ನೆಗಳನ್ನು ಅಂಗೈಯಗಲದ ಕಾಗದದಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿ. ಉತ್ತರ ಬರೆಯಬೇಡಿ, ಪ್ರಶ್ನೆ ಮಾತ್ರ. ಉಪ್ಪಳದಿಂದ ಉಳ್ಳಾಲದವರೆಗೆ ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಹೇಳಲು ಬಾರದ್ದನ್ನು ಗುರುತಿಟ್ಟುಕೊಂಡು ಸಂಜೆ ಮನೆಯಲ್ಲಿ ಆ ಭಾಗವನ್ನಷ್ಟೇ ಮತ್ತೆ ಓದಿ.

ಪಠ್ಯವನ್ನು ಓದುವ ಕ್ರಮ

ದೂರಶಿಕ್ಷಣದ ಪಠ್ಯವನ್ನು ಕಾದಂಬರಿಯಂತೆ ಮೊದಲ ಪುಟದಿಂದ ಓದುತ್ತಾ ಹೋಗುವವರೇ ಹೆಚ್ಚು. ಆ ಪುಸ್ತಕಗಳನ್ನು ಬರೆದಿರುವ ಕ್ರಮ ಬೇರೆ. ಪ್ರತಿ ಘಟಕದ ಆರಂಭದಲ್ಲಿ ಉದ್ದೇಶಗಳಿರುತ್ತವೆ, ನಡುನಡುವೆ ನಿಮ್ಮನ್ನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳಿರುತ್ತವೆ, ಕೊನೆಯಲ್ಲಿ ಸಾರಾಂಶ ಮತ್ತು ಆ ಪ್ರಶ್ನೆಗಳ ಉತ್ತರದ ಸುಳಿವುಗಳಿರುತ್ತವೆ. ತರಗತಿಯಲ್ಲಿ ಮೇಷ್ಟ್ರು ಮಾಡುವ ಕೆಲಸವನ್ನು ಆ ಪ್ರಶ್ನೆಗಳಿಂದ ಮಾಡಿಸಲಾಗಿದೆ. ಆದ್ದರಿಂದ ಮೊದಲು ಉದ್ದೇಶಗಳನ್ನು, ಅನಂತರ ಸಾರಾಂಶವನ್ನು, ಆಮೇಲೆ ನಡುವಿನ ಪ್ರಶ್ನೆಗಳನ್ನು ಓದಿ, ಅವುಗಳಿಗೆ ಉತ್ತರ ಹುಡುಕುತ್ತಾ ಪಾಠಕ್ಕೆ ಇಳಿಯಬೇಕು. ಪ್ರಶ್ನೆಯ ಕೆಳಗೆ ಖಾಲಿ ಗೆರೆಗಳನ್ನು ಬಿಟ್ಟಿರುವುದು ಬರೆಯಲಿಕ್ಕೆಂದೇ. ಪುಸ್ತಕ ಹಾಳಾಗುತ್ತದೆಂದು ಆ ಗೆರೆಗಳನ್ನು ಖಾಲಿ ಬಿಡುವವರು ನಮ್ಮಲ್ಲಿ ತುಂಬ ಮಂದಿ. ಹತ್ತನೆಯ ತರಗತಿಯ ಪುಸ್ತಕಕ್ಕೆ ಬೈಂಡು ಹಾಕಿ ತಮ್ಮನಿಗೆ ದಾಟಿಸಿದ ಅಭ್ಯಾಸ ಅಷ್ಟು ಸುಲಭದಲ್ಲಿ ಬಿಡುವುದಿಲ್ಲ.

ಭಾಷೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಜೇಶ್ವರ, ಕುಂಬಳೆ ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತರವರೆಗೆ ಓದಿ, ಪ್ಲಸ್ ಟುವಿನಲ್ಲಿ ಇಂಗ್ಲಿಷಿನ ಎದುರು ತತ್ತರಿಸಿದವರು ದೂರಶಿಕ್ಷಣಕ್ಕೆ ಬಂದಾಗ ಇಂಗ್ಲಿಷ್ ಪಠ್ಯವೇ ಎದುರಾಗುತ್ತದೆ. ಇಂಥವರು ಎರಡು ದಾರಿಗಳಲ್ಲಿ ಒಂದನ್ನು ಸೇರುವಾಗಲೇ ಆರಿಸಬೇಕು. ಕನ್ನಡದಲ್ಲಿ ಬರೆಯಲು ಅವಕಾಶವಿರುವ ವಿಶ್ವವಿದ್ಯಾನಿಲಯವನ್ನೇ ಆರಿಸುವುದು ಒಂದು. ಇಂಗ್ಲಿಷಿನಲ್ಲಿಯೇ ಓದುವುದಾದರೆ ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡುವುದು ಇನ್ನೊಂದು. ಇಂಗ್ಲಿಷ್ ವಾಕ್ಯವನ್ನು ಇಂಗ್ಲಿಷಿನಲ್ಲಿಯೇ ನಕಲು ಮಾಡಿ ಅದನ್ನು ಟಿಪ್ಪಣಿ ಎಂದುಕೊಳ್ಳುವುದರಿಂದ ಅರ್ಥವಾಗದ್ದು ಅರ್ಥವಾಗದೆಯೇ ಉಳಿಯುತ್ತದೆ. ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಅದು ಹೇಳಿದ್ದೇನೆಂದು ಮನೆಯಲ್ಲಿ ಅಕ್ಕನಿಗೆ ಹೇಳುವ ಹಾಗೆ ಎರಡು ಕನ್ನಡ ವಾಕ್ಯಗಳಲ್ಲಿ ಬರೆಯಿರಿ. ಹಾಗೆ ಬರೆಯಲು ಬಾರದಿದ್ದರೆ ಪ್ಯಾರಾ ಅರ್ಥವಾಗಿಲ್ಲವೆಂದೇ ಲೆಕ್ಕ, ಮತ್ತೊಮ್ಮೆ ಓದಬೇಕು. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿದ್ದ ಹಾಗೆಯೇ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಉತ್ತರದಲ್ಲಿ ಅವು ಬೇಕೇ ಬೇಕು.

ಒಂದು ಪಾಠ, ಒಂದು ಉತ್ತರ

ಕ್ರಮವನ್ನು ಉದಾಹರಣೆಯೊಂದಿಗೆ ತೋರಿಸುತ್ತೇನೆ. ರಾಜ್ಯಶಾಸ್ತ್ರ ಅಥವಾ ಇತಿಹಾಸ ಓದುವವರಿಗೆ ಭಾಷಾವಾರು ರಾಜ್ಯಗಳ ಪಾಠ ಎದುರಾಗಿಯೇ ಆಗುತ್ತದೆ. ನಮ್ಮವರು ಆಸೆಯಿಂದ ಓದುವ ಪಾಠವೂ ಇದೇ, ಅಂಕ ಕಳೆದುಕೊಳ್ಳುವ ಪಾಠವೂ ಇದೇ.

ಟಿಪ್ಪಣಿಯ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಗಡೆ ವರ್ಷ ಮತ್ತು ಘಟನೆ, ಬಲಗಡೆ ಅದು ಏಕೆ ಮುಖ್ಯ ಎಂಬ ಒಂದೇ ಸಾಲು. 1920, ನಾಗಪುರ ಅಧಿವೇಶನ: ಕಾಂಗ್ರೆಸ್ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಆಧಾರದಲ್ಲಿ ರಚಿಸಲು ಒಪ್ಪಿತು; ಬೇಡಿಕೆಗೆ ಹಳೆಯ ಬೇರಿದೆ ಎಂಬುದಕ್ಕೆ ಸಾಕ್ಷಿ. 1948, ಧರ್ ಆಯೋಗ: ಭಾಷೆಯೊಂದೇ ಆಧಾರವಾಗಬಾರದೆಂದಿತು, ವಿಭಜನೆಯ ಮರುವರ್ಷದ ಭಯ ಅದರ ಹಿಂದಿತ್ತು. 1949, ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ: ಸದ್ಯಕ್ಕೆ ಬೇಡ ಎಂದು ಮುಂದೂಡಿತು, ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. 1952ರ ಡಿಸೆಂಬರ್, ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡರು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು, ಮುಂದೂಡುವುದು ಅಸಾಧ್ಯವಾಯಿತು. 1953ರ ಡಿಸೆಂಬರಿನಲ್ಲಿ ಫಜಲ್ ಅಲಿ ಆಯೋಗ, 1955ರಲ್ಲಿ ಅದರ ವರದಿ: ಭಾಷೆಯನ್ನು ಒಪ್ಪಿತು, ಆದರೆ ಆಡಳಿತ, ಆರ್ಥಿಕತೆ, ದೇಶದ ಏಕತೆಯನ್ನೂ ಜೊತೆಗಿಟ್ಟಿತು. 1956ರ ನವೆಂಬರ್ 1: 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳು.

ಬಲಗಡೆಯ ಸಾಲುಗಳನ್ನು ಮಾತ್ರ ಓದುತ್ತಾ ಬಂದರೆ ಉತ್ತರದ ವಾದ ತಾನಾಗಿ ಕಾಣುತ್ತದೆ: ತತ್ತ್ವದಲ್ಲಿ ಒಪ್ಪಿಗೆ, ಸ್ವಾತಂತ್ರ್ಯದ ಬಳಿಕ ಹಿಂಜರಿಕೆ, ಚಳವಳಿಯ ಒತ್ತಡ, ಕೊನೆಗೆ ಷರತ್ತಿನೊಂದಿಗೆ ಸ್ವೀಕಾರ. ಇಸವಿಗಳನ್ನು ಉರುಹೊಡೆದವರು ಪಟ್ಟಿ ಬರೆಯುತ್ತಾರೆ. ಬಲಗಡೆಯನ್ನು ಬರೆದವರಿಗೆ ಮಾತ್ರ ಏಕೆ ಎಂಬುದಕ್ಕೆ ಉತ್ತರ ಹೇಳಲು ಬರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಬಹುತೇಕ ಏಕೆ ಎಂದೇ.

ಇನ್ನು ಕಾಸರಗೋಡಿನ ವಿಚಾರ. ಅದೇ 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, 1966ರಲ್ಲಿ ನೇಮಕವಾದ ಮಹಾಜನ್ ಆಯೋಗವು ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಇದನ್ನು ಬರೆಯಲು ಕೂತರೆ ನಮ್ಮವರ ಪೆನ್ನು ನಿಲ್ಲುವುದಿಲ್ಲ. ಬಾಲ್ಯದಿಂದ ಮನೆಯ ಜಗಲಿಯಲ್ಲಿ, ಗ್ರಂಥಾಲಯದ ಸಭೆಗಳಲ್ಲಿ ಕೇಳಿದ ವಿಚಾರವಾದ್ದರಿಂದ ಐನೂರು ಪದದ ಉತ್ತರದಲ್ಲಿ ಮುನ್ನೂರು ಪದ ಕಾಸರಗೋಡಿಗೇ ಹೋಗುತ್ತದೆ. ಪ್ರಶ್ನೆ ಇರುವುದು ಇಡೀ ದೇಶದ ಬಗ್ಗೆ. ಮೌಲ್ಯಮಾಪಕರಿಗೆ ಬೇಕಾದದ್ದು ಭಾಷೆಯೊಂದರಿಂದಲೇ ಗಡಿಯನ್ನು ತೀರ್ಮಾನಿಸುವುದರ ಮಿತಿಗೆ ಒಂದು ದೃಷ್ಟಾಂತ. ಎರಡು ವಾಕ್ಯಗಳಲ್ಲಿ, ಇಸವಿಯೊಂದಿಗೆ, ಬೆಳಗಾವಿಯ ವಿವಾದದ ಪಕ್ಕದಲ್ಲಿಟ್ಟು ಹೇಳಿದರೆ ಅದೇ ಸಂಗತಿ ನಿಮ್ಮ ಉತ್ತರವನ್ನು ಇತರರ ಉತ್ತರಗಳಿಂದ ಬೇರೆಯಾಗಿ ಎತ್ತಿ ತೋರಿಸುತ್ತದೆ. ತಿಳಿದದ್ದನ್ನೆಲ್ಲ ಬರೆಯದೆ ಕೇಳಿದ್ದಕ್ಕೆ ಬೇಕಾದಷ್ಟನ್ನೇ ಬರೆಯುವ ಈ ಹತೋಟಿ ಓದಿನಿಂದ ಬರುವುದಿಲ್ಲ. ಬರೆದು, ಎಣಿಸಿ, ಹೊಡೆದುಹಾಕಿ ಬರಬೇಕು.

ಅಸೈನ್‌ಮೆಂಟ್

ಆ ಅಭ್ಯಾಸ ಮಾಡಿಸುವುದು ಅಸೈನ್‌ಮೆಂಟ್, ಅಂದರೆ ಕೊಟ್ಟ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಬರೆದು ಕೇಂದ್ರಕ್ಕೆ ಒಪ್ಪಿಸುವ ಕೆಲಸ. ಇಗ್ನೋದ ಬಿ.ಎ.ಯಲ್ಲಿ ಅಸೈನ್‌ಮೆಂಟಿಗೆ ಶೇಕಡಾ 30, ಪರೀಕ್ಷೆಗೆ ಶೇಕಡಾ 70ರಷ್ಟು ತೂಕವಿದೆ, ಎರಡರಲ್ಲಿಯೂ ಪ್ರತ್ಯೇಕವಾಗಿ ಪಾಸಾಗಬೇಕು. ಸಮಾಜವಿಜ್ಞಾನದ ವಿಷಯಗಳಲ್ಲಿ ಸಾಮಾನ್ಯವಾಗಿ 500 ಪದಗಳ, 250 ಪದಗಳ, 100 ಪದಗಳ ಉತ್ತರಗಳೆಂದು ಮೂರು ಬಗೆಯ ಪ್ರಶ್ನೆಗಳಿರುತ್ತವೆ. ಈ ಪದಗಳ ಮಿತಿಯನ್ನು ಗಂಭೀರವಾಗಿ ತೆಗೆದುಕೊಂಡವನಿಗೆ ಪರೀಕ್ಷೆಯ ಕೊಠಡಿಯಲ್ಲಿ ಹೆದರಿಕೆಯಿರುವುದಿಲ್ಲ.

ಸಿದ್ಧ ಉತ್ತರಗಳನ್ನು ಮಾರುವವರು ಈಗ ವಾಟ್ಸಾಪ್ ಗುಂಪುಗಳಲ್ಲಿಯೇ ಸಿಗುತ್ತಾರೆ. ಕೆಲವರು ಕೈಬರಹದಲ್ಲಿ ಬರೆದೂ ಕೊಡುತ್ತಾರಂತೆ. ಅದು ತಪ್ಪು ಎಂಬುದು ಹೇಳಬೇಕಾದ ಮಾತೇ ಅಲ್ಲ. ನಾನು ಹೇಳುವುದು ನಷ್ಟದ ಬಗ್ಗೆ: ವರ್ಷವಿಡೀ ನಿಮ್ಮ ಬರವಣಿಗೆಯನ್ನು ಓದಿ ಗೆರೆ ಎಳೆಯುವ ಒಬ್ಬರೇ ಒಬ್ಬ ಶಿಕ್ಷಕರೆಂದರೆ ಅಸೈನ್‌ಮೆಂಟ್ ನೋಡುವ ಕೌನ್ಸಿಲರ್. ಅವರಿಗೆ ಬೇರೆಯವರ ಉತ್ತರ ಒಪ್ಪಿಸಿದರೆ ನಿಮ್ಮ ಬರವಣಿಗೆಯ ದೋಷ ಪರೀಕ್ಷೆಯ ಫಲಿತಾಂಶ ಬರುವವರೆಗೆ ನಿಮಗೆ ಗೊತ್ತೇ ಆಗುವುದಿಲ್ಲ.

ಒಂದು ಘಟಕ ಮುಗಿದ ಕೂಡಲೇ ಅದಕ್ಕೆ ಸಂಬಂಧಿಸಿದ ಅಸೈನ್‌ಮೆಂಟ್ ಪ್ರಶ್ನೆಯ ಕರಡನ್ನು ಬರೆದುಬಿಡಿ. ಇಡೀ ಪುಸ್ತಕ ಓದಿ ಮುಗಿಯಲಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಬರೆಯೋಣವೆಂದು ಕಾದರೆ ಕೊನೆಯ ವಾರ ಮೂರು ವಿಷಯಗಳ ನಲವತ್ತು ಐವತ್ತು ಪುಟಗಳನ್ನು ರಾತ್ರಿ ಕೂತು ಬರೆಯುವ ಗತಿ ಬರುತ್ತದೆ, ಆಗ ನಕಲು ಮಾಡುವುದೇ ಉಳಿಯುವ ದಾರಿ. ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಳ್ಳುವಾಗ ಅದು ನಿಮ್ಮದೇ ಸತ್ರದ್ದೇ ಎಂದು ಮೇಲ್ಭಾಗದಲ್ಲಿ ನೋಡಿ. ಹಿಂದಿನ ವರ್ಷದ ಪ್ರಶ್ನೆಗಳಿಗೆ ಎಷ್ಟು ಚೆನ್ನಾಗಿ ಬರೆದರೂ ಲೆಕ್ಕಕ್ಕಿಲ್ಲ. ಸ್ವಂತ ಕೈಬರಹದಲ್ಲಿ ಬರೆದು, ಪ್ರತಿ ಪುಟದ ಫೋಟೋ ತೆಗೆದಿಟ್ಟು, ಕೇಂದ್ರದಲ್ಲಿ ಕೊಟ್ಟಾಗ ರಸೀದಿಯನ್ನು ಕೇಳಿ ಪಡೆಯಿರಿ. ಅಂಕ ಜಾಲತಾಣದಲ್ಲಿ ಏರದೇ ಉಳಿಯುವ ಪ್ರಸಂಗಗಳು ಉಂಟು, ಆಗ ಆ ರಸೀದಿಯೊಂದೇ ಆಧಾರ.

ತರಗತಿ, ಗ್ರಂಥಾಲಯ, ಜೊತೆಗಾರರು

ಸಂಪರ್ಕ ತರಗತಿಗಳಿಗೆ ಎಲ್ಲ ವಿಷಯಗಳಲ್ಲೂ ಹೋಗಬೇಕಾಗಿಲ್ಲ. ಆದರೆ ಮೊದಲ ತರಗತಿಗೆ ಹೋಗಲೇಬೇಕು, ಜೊತೆಗಾರರು ಸಿಗುವುದು ಅಲ್ಲಿಯೇ. ಅದೇ ವಿಷಯ ಓದುವ ಇನ್ನಿಬ್ಬರ ಪರಿಚಯವಾದರೆ, ತಿಂಗಳಿಗೊಮ್ಮೆ ಒಂದು ಕಡೆ ಕೂತು ಒಬ್ಬರು ಬರೆದ ಉತ್ತರವನ್ನು ಇನ್ನೊಬ್ಬರು ಓದುವ ವ್ಯವಸ್ಥೆ ಮಾಡಿಕೊಳ್ಳಿ. ಕೂರಲು ಸ್ಥಳಕ್ಕೆ ಬರವಿಲ್ಲ: ಕೇರಳದ ಗ್ರಂಥಾಲಯ ಚಳವಳಿಯ ಫಲವಾಗಿ ನಮ್ಮ ಸಣ್ಣ ಊರುಗಳಲ್ಲಿಯೂ ಗ್ರಂಥಾಲಯ, ವಾಚನಾಲಯಗಳಿವೆ, ಸಂಜೆ ಹೊತ್ತು ಅಲ್ಲಿ ಮೇಜು ಖಾಲಿಯೇ ಇರುತ್ತದೆ. ಕನ್ನಡ ಎಂ.ಎ. ಓದುವವರಿಗೆ ಇನ್ನೂ ಒಂದು ಅನುಕೂಲವಿದೆ. ಕಾಸರಗೋಡಿನ ಸರ್ಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರ್ಕಾರಿ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯ ಮೂರರಲ್ಲಿಯೂ ಕನ್ನಡ ವಿಭಾಗಗಳಿವೆ. ಅಲ್ಲಿನ ಅಧ್ಯಾಪಕರ ಬಳಿಗೆ ಸಂಶಯವೊಂದನ್ನು ಸ್ಪಷ್ಟವಾಗಿ ಬರೆದುಕೊಂಡು ಹೋದರೆ ನಮ್ಮ ವಿದ್ಯಾರ್ಥಿಯಲ್ಲ ಎಂದು ಹಿಂದೆ ಕಳುಹಿಸುವವರು ಅಪರೂಪ.

ಪರೀಕ್ಷೆ

ಪ್ರವೇಶ ಪಡೆದಿದ್ದೇನೆ, ಶುಲ್ಕ ಕಟ್ಟಿದ್ದೇನೆ, ಹಾಲ್‌ಟಿಕೆಟ್ ತಾನಾಗಿ ಬರುತ್ತದೆ ಎಂದು ಕಾದು ಕೂತವರಿದ್ದಾರೆ. ಇಗ್ನೋದಲ್ಲಿ ಪರೀಕ್ಷೆಗೆ ಬೇರೆಯೇ ಅರ್ಜಿ ತುಂಬಿಸಿ, ವಿಷಯಕ್ಕಿಷ್ಟೆಂದು ಶುಲ್ಕ ಕಟ್ಟಬೇಕು. ಮುಂದಿನ ವರ್ಷಕ್ಕೆ ಮರುನೋಂದಣಿಯೂ ಬೇರೆ. ಈ ಎರಡರ ಕೊನೆಯ ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ ಬರೆಯುವಲ್ಲಿಯೇ, ಕೆಂಪು ಶಾಯಿಯಲ್ಲಿ ಬರೆದಿಡಿ.

ಪರೀಕ್ಷೆಗೆ ಎರಡು ವಾರ ಮುಂಚೆ ಹೊಸದನ್ನು ಓದುವುದು ನಿಲ್ಲಬೇಕು. ಹಿಂದಿನ ಪ್ರಶ್ನೆಪತ್ರಿಕೆಗಳು ಇಗ್ನೋದ ತಾಣದಲ್ಲಿಯೇ ಇವೆ. ಒಂದನ್ನು ತೆಗೆದು, ಮನೆಯಲ್ಲಿ ಕನಿಷ್ಠ ಒಮ್ಮೆಯಾದರೂ ಮೂರು ಗಂಟೆ ಕಾಲ ಏಳದೆ ಕೈಯಲ್ಲಿ ಬರೆಯಬೇಕು. ಶಾಲೆ ಬಿಟ್ಟು ಹತ್ತು ವರ್ಷವಾದವರಿಗೆ ಉತ್ತರ ಗೊತ್ತಿದ್ದರೂ ಬೆರಳು ಸಹಕರಿಸುವುದಿಲ್ಲ. ಎರಡನೆಯ ಗಂಟೆಗೆ ಹೆಬ್ಬೆರಳ ಬುಡ ನೋಯಲು ಶುರುವಾಗಿ ಅಕ್ಷರ ಹರಡುತ್ತದೆ. 100 ಅಂಕಗಳ ಪತ್ರಿಕೆಗೆ 180 ನಿಮಿಷದಲ್ಲಿ 15 ನಿಮಿಷವನ್ನು ಪ್ರಶ್ನೆ ಓದಲು ಮತ್ತು ಕೊನೆಗೊಮ್ಮೆ ತಿರುವಿಹಾಕಲು ತೆಗೆದಿಟ್ಟರೆ, 20 ಅಂಕದ ಉತ್ತರವೊಂದಕ್ಕೆ 33 ನಿಮಿಷ ಸಿಗುತ್ತದೆ. ಮೊದಲ ಉತ್ತರಕ್ಕೆ ಒಂದು ಗಂಟೆ ಕೊಟ್ಟು, ಕೊನೆಯ ಎರಡನ್ನು ಅಂಶಗಳ ಪಟ್ಟಿಯಲ್ಲಿ ಮುಗಿಸುವವರು ಪಾಸಿನ ಅಂಚಿನಲ್ಲಿ ಜಾರುತ್ತಾರೆ.

ಜೂನಿನ ಪರೀಕ್ಷೆಗೆ ಹೋಗುವವರು ಹಿಂದಿನ ದಿನವೇ ಕೇಂದ್ರವನ್ನು ನೋಡಿ ಬರುವುದು, ಸಾಧ್ಯವಾದರೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ಹೆದ್ದಾರಿಯಲ್ಲಿ ನೀರು ನಿಂತರೆ ಬಸ್ಸು ಎಷ್ಟು ಹೊತ್ತಿಗೆ ತಲಪುತ್ತದೆಂದು ಯಾರೂ ಹೇಳಲಾರರು. ಹಾಲ್‌ಟಿಕೆಟ್, ಗುರುತಿನ ಚೀಟಿಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ಎರಡು ಪೆನ್ನು ಜೊತೆಗಿಟ್ಟುಕೊಳ್ಳಿ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಒಂದೇ ದಿನ ಎರಡು ಪತ್ರಿಕೆಗಳು ಬೀಳುವುದುಂಟು. ವೇಳಾಪಟ್ಟಿ ಬಂದ ಕೂಡಲೇ ಇದನ್ನು ನೋಡಿ, ಅರ್ಜಿ ತುಂಬಿಸುವ ಮುಂಚೆಯೇ ಒಂದನ್ನು ಮುಂದಿನ ಸಲಕ್ಕೆ ಬಿಡಬೇಕೇ ಎಂದು ತೀರ್ಮಾನಿಸಿ.

ಒಂದು ಪತ್ರಿಕೆ ಹೋದರೆ ಆ ವಿಷಯದ ಅಸೈನ್‌ಮೆಂಟಿನ ಅಂಕ ಉಳಿಯುತ್ತದೆ. ಪರೀಕ್ಷೆಯನ್ನು ಮಾತ್ರ ಮತ್ತೆ ಬರೆದರೆ ಸಾಕು. ಅಸೈನ್‌ಮೆಂಟೇ ಹೋಗಿದ್ದರೆ ಹೊಸ ಸತ್ರದ ಪ್ರಶ್ನೆಗಳಿಗೆ ಹೊಸದಾಗಿ ಬರೆದು ಕೊಡಬೇಕು. ಮರುಮೌಲ್ಯಮಾಪನಕ್ಕೆ ಫಲಿತಾಂಶದ ಬಳಿಕ ಕೆಲವೇ ದಿನಗಳ ಅವಕಾಶವಿರುವುದರಿಂದ, ಫಲಿತಾಂಶ ಬಂದ ದಿನವೇ ಗ್ರೇಡ್ ಕಾರ್ಡನ್ನು ತೆರೆದು ವಿಷಯವಾರು ನೋಡಿ, ಅಸೈನ್‌ಮೆಂಟ್ ಅಂಕ ಏರಿದೆಯೇ, ಪರೀಕ್ಷೆಯ ಅಂಕ ಸರಿಯಿದೆಯೇ ಎಂದು ರಸೀದಿಗಳೊಂದಿಗೆ ತಾಳೆ ಮಾಡಿಕೊಳ್ಳಬೇಕು.